ಸಂತ ಸೇವಾಲಾಲರ ಚರಿತ್ರೆ: ಆಕರಗಳ ಪ್ರಾಮಾಣ್ಯವಿಚಾರ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು ತಾಲ್ಲೂಕುಗಳ ಲಂಬಾಣಿ ತಾಂಡಗಳಲ್ಲಿ ಸಂತ ಸೇವಾಲಾಲರ ಹೆಸರು ಮನೆಮಾತಾಗಿದೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವನ್ನು ಭಾಯಗಢವೆಂದು ಕರೆದು, ಅದೇ ಅವರ ಜನ್ಮಭೂಮಿಯೆಂದು ಕರ್ನಾಟಕದ ಭಕ್ತರು ನಂಬುತ್ತಾರೆ. ಆಂಧ್ರದ ಭಕ್ತರಾದರೋ ಗುತ್ತಿಯ ಸಮೀಪದ ಸೇವಾಗಢವನ್ನು ಹೇಳುತ್ತಾರೆ. ಜನನವು 1739ನೆಯ ಫೆಬ್ರವರಿ 15ರಂದು ಎಂಬ ಮಾತು ರೂಢಿಯಲ್ಲಿದೆ. ಮರಣವನ್ನು ಕೆಲವರು 1773 ಎಂದೂ ಕೆಲವರು 1806 ಎಂದೂ ಬರೆದಿದ್ದಾರೆ. ಇಂತಹ ಭಿನ್ನಾಭಿಪ್ರಾಯಗಳ ನಡುವೆ ಆಕರಗಳ ಬೆಲೆಯನ್ನು ನಿರ್ಣಯಿಸುವ ಬಗೆ ಹೇಗೆಂಬುದೇ ಪ್ರಕೃತ ಲೇಖನದ ವಿಷಯ.

ಮೊದಲನೆಯ ಆಕರ ಹಾಡು. ಲಂಬಾಣಿ ಭಾಷೆಗೆ ಸ್ವಂತ ಲಿಪಿಯಿಲ್ಲ. ಆದಕಾರಣ ಸಂತರ ಚರಿತ್ರೆಯು ಭಜನೆ, ಲಾವಣಿಗಳ ಮೂಲಕವೇ ಬಾಯಿಂದ ಬಾಯಿಗೆ ಬಂದಿದೆ. ಹಾಡುಗಾರನು ಪವಾಡಗಳನ್ನು ಹೆಚ್ಚಿಸಬಹುದು, ಊರುಗಳನ್ನು ಸೇರಿಸಬಹುದು. ಆದರೆ ಒಂದು ಜನಾಂಗವು ತನ್ನ ಗುರುವಿನಲ್ಲಿ ಯಾವ ಗುಣಗಳನ್ನು ಕಂಡಿತೆಂಬುದಕ್ಕೆ ಹಾಡಿಗಿಂತ ಉತ್ತಮ ಸಾಕ್ಷಿಯಿಲ್ಲ. ತೇದಿಯ ವಿಷಯದಲ್ಲಿ ಮಾತ್ರ ಅದು ದುರ್ಬಲ. ಇಂಗ್ಲಿಷ್ ತಿಂಗಳಿನ ಲೆಕ್ಕ ಹಾಡಿನಲ್ಲಿ ಹುಟ್ಟುವುದಲ್ಲ. ಅಲ್ಲದೆ ಬ್ರಿಟಿಷರೇ 1752ರವರೆಗೆ ಹಳೆಯ ಪಂಚಾಂಗವನ್ನು ಬಳಸುತ್ತಿದ್ದರು. ಅದಕ್ಕೂ ಹೊಸದಕ್ಕೂ ಹನ್ನೊಂದು ದಿನಗಳ ಅಂತರವಿತ್ತು. ಆದುದರಿಂದ ಈ ತೇದಿಯು ಮುಂದಿನವರು ಗಣಿಸಿ ಗೊತ್ತುಮಾಡಿದುದೆಂದು ತಿಳಿಯುವುದು ಯುಕ್ತ. ಜಯಂತಿಯ ಆಚರಣೆಗೆ ಅದು ಸಾಕು, ಚರಿತ್ರೆಗೆ ಸಾಲದು.

ಎರಡನೆಯದು ಆಂಗ್ಲ ಅಧಿಕಾರಿಗಳ ಬರಹ. ರಸೆಲ್ ಮತ್ತು ಹೀರಾಲಾಲರು 1916ರಲ್ಲಿ ಪ್ರಕಟಿಸಿದ ಮಧ್ಯಪ್ರಾಂತಗಳ ಜಾತಿಬುಡಕಟ್ಟುಗಳ ಗ್ರಂಥದಲ್ಲಿ ಕರ್ನಲ್ ಮೆಕೆಂಜಿಯ ಒಂದು ಕಥನ ಉದ್ಧೃತವಾಗಿದೆ. ಅದರಂತೆ ಮರಿಮಾತೆಯು 'ಶಿವಾ ರಾಠೋಡ'ನನ್ನು ಮೋಹಿಸಿ ಕಾಡಿದಳು. ಅವನು ಅವಿವಾಹಿತನಾಗಿಯೇ ಉಳಿದು, ಸ್ತ್ರೀಯರಿಗೆಲ್ಲ ಅಣ್ಣನೆಂಬ ಅರ್ಥದಲ್ಲಿ 'ಶಿವಾ ಭಾಯಾ' ಎನಿಸಿದನು. ಬೇರಾರಿನ ಪೋಹರಾದಲ್ಲಿ ಸಮಾಧಿಯಾದನು. ಈ ಘಟನೆ ತಮ್ಮ ಕಾಲದ್ದೆಂದು ಹೇಳಿ 1874ನ್ನು ಸೂಚಿಸಿದೆ. ಇದು ರೂಢಿಯ ತೇದಿಗಳಿಗೆ ಪೂರ್ಣ ವಿರುದ್ಧ. ಬರಹವೆಂಬ ಮಾತ್ರಕ್ಕೆ ಇದನ್ನು ಒಪ್ಪಲಾಗದು. ಅಧಿಕಾರಿಯು ಪರಭಾಷೆಯವನು, ಕೇಳಿದ್ದನ್ನು ಬರೆದವನು, ಅಲೆಮಾರಿಗಳನ್ನು ಸಂಶಯದಿಂದ ಕಾಣುತ್ತಿದ್ದ ಆಡಳಿತಕ್ಕೆ ಸೇರಿದವನು. ಅಪರಾಧಿ ಬುಡಕಟ್ಟುಗಳ ಕಾಯಿದೆ ಬಂದುದು 1871ರಲ್ಲಿ ಎಂಬುದನ್ನು ಮರೆಯಬಾರದು.

ಆದರೂ ಎರಡು ಆಕರಗಳನ್ನು ಹೋಲಿಸಿದರೆ ಮೂರು ಅಂಶಗಳು ಕೂಡಿಬರುತ್ತವೆ: ಮರಿಯಮ್ಮನ ಸಂಬಂಧ, ಬ್ರಹ್ಮಚರ್ಯ ಮತ್ತು ಪೋಹರಾದ ಸಮಾಧಿ. ಭಕ್ತರು ಭಕ್ತಿಯೆಂದುದನ್ನು ಅಧಿಕಾರಿಯು ಮೋಹವೆಂದು ಬರೆದನು. ಸಂಗತಿಯ ಒಡಲು ಒಂದೇ. ಅಧಿಕಾರಿಯೂ ಜನರ ಬಾಯಿಂದಲೇ ಕೇಳಿದವನಾದುದರಿಂದ ಇದು ಸಂಪೂರ್ಣ ಸ್ವತಂತ್ರ ಸಾಕ್ಷ್ಯವಲ್ಲ. ಆದರೆ ಈಚಿನ ಅಚ್ಚಿನ ಚರಿತ್ರೆಗಳಿಂದ ಪ್ರೇರಿತವಾದುದೂ ಅಲ್ಲ. ಆದ್ದರಿಂದ ಇಂದು ವಾಶಿಮ್ ಜಿಲ್ಲೆಗೆ ಸೇರಿದ ಪೋಹರಾದೇವಿಯ ಸಮಾಧಿಯೇ ಈ ಚರಿತ್ರೆಯಲ್ಲಿ ಅತ್ಯಂತ ದೃಢವಾದ ಅಂಶವೆನ್ನಬಹುದು.

ಮೂರನೆಯದು ಶಾಸನ ಮತ್ತು ಕಡತಗಳು. ಹೊನ್ನಾಳಿ, ಚನ್ನಗಿರಿಗಳು 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿಯೂ ಜಗಳೂರು ಚಿತ್ರದುರ್ಗ ಜಿಲ್ಲೆಯಲ್ಲಿಯೂ ಇದ್ದುವು. ನ್ಯಾಮತಿಯು ಹೊನ್ನಾಳಿ ತಾಲ್ಲೂಕಿನ ಭಾಗವಾಗಿತ್ತು. ಆದಕಾರಣ ಎಪಿಗ್ರಾಫಿಯಾ ಕರ್ನಾಟಿಕದ 7 ಮತ್ತು 11ನೆಯ ಸಂಪುಟಗಳನ್ನೂ ಆ ಎರಡು ಜಿಲ್ಲೆಗಳ ಹಳೆಯ ಕಡತಗಳನ್ನೂ ಶೋಧಿಸಬೇಕು. ಆದರೆ ಶಾಸನವು ಭೂಮಿ, ದಾನ, ದೇವಾಲಯಗಳನ್ನು ಕುರಿತದ್ದು. ಎತ್ತುಗಳ ಮೇಲೆ ಧಾನ್ಯ, ಉಪ್ಪು ಹೇರಿ ನಡೆದವರಿಗೆ ಅದರಲ್ಲಿ ಸ್ಥಾನ ದೊರೆಯುವುದು ವಿರಳ. ಅಲ್ಲಿಯ ಮೌನ ಅಭಾವಕ್ಕೆ ಪ್ರಮಾಣವಲ್ಲ. ಇದಕ್ಕಿಂತ ಫಲಪ್ರದವಾದ ಕ್ಷೇತ್ರ ಸೈನ್ಯದ ದಾಖಲೆಗಳು. 1791–92ರಲ್ಲಿ ಟಿಪ್ಪುವಿನ ಮೇಲೆ ಬಂದ ಕಾರ್ನ್‌ವಾಲಿಸನ ಸೈನ್ಯಕ್ಕೆ ಧಾನ್ಯ ಒದಗಿಸಿದವರು ಬಂಜಾರರೇ.

ಜನ್ಮಸ್ಥಳದ ಪ್ರಶ್ನೆಯನ್ನು ದೇವಾಲಯದ ವೈಭವದಿಂದಾಗಲಿ ಜಾತ್ರೆಯ ಜನಸಂದಣಿಯಿಂದಾಗಲಿ ತೀರ್ಮಾನಿಸಲಾಗದು. ಸೂರಗೊಂಡನಕೊಪ್ಪ, ಸೇವಾಗಢಗಳೆರಡೂ ಸಂಪ್ರದಾಯಗಳೆಂದೇ ದಾಖಲಾಗಬೇಕು. ಬರಹವನ್ನಷ್ಟೇ ಪ್ರಮಾಣವೆಂದರೆ ಬರೆಯದ ಜನಾಂಗಕ್ಕೆ ಚರಿತ್ರೆಯೇ ಇಲ್ಲವಾಗುತ್ತದೆ; ಹಾಡಿದುದೆಲ್ಲ ಪ್ರಮಾಣವೆಂದರೆ ಚರಿತ್ರೆಗೂ ಪುರಾಣಕ್ಕೂ ಭೇದವುಳಿಯದು. ಹಿರಿಯ ಹಾಡುಗಾರರಿಂದ ಪಾಠಗಳನ್ನು, ಹಾಡಿದವರ ತಾಂಡ ಮತ್ತು ದಿನಾಂಕಗಳೊಡನೆ ಬರೆದಿಡುವುದು ವಿದ್ಯಾರ್ಥಿಗಳು ಇಂದೇ ಕೈಗೊಳ್ಳಬೇಕಾದ ಕಾರ್ಯ.