ಶಬ್ದಗಳ ಒಡನಾಟವೂ ಕಲ್ಪತರು ನಾಡೂ

ತಿಪಟೂರೆಂದೊಡನೆ ಕೊಬ್ಬರಿಯೆಂಬ ಮಾತು ನಾಲಗೆಗೆ ತಾನಾಗಿಯೇ ಬರುತ್ತದೆ. ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳೆಂದರೆ ತೆಂಗಿನ ತೋಟವು ಕಣ್ಣಮುಂದೆ ನಿಲ್ಲುತ್ತದೆ. ಹೀಗೆ ಒಂದು ಶಬ್ದವು ಮತ್ತೊಂದರ ಕೈಹಿಡಿದು ಬರುವುದು ಎಲ್ಲರಿಗೂ ಅನುಭವಕ್ಕೆ ಬಂದ ಸಂಗತಿಯೇ. ಈ ಒಡನಾಟವನ್ನು ಎಣಿಸಿ, ಅಳೆದು, ಭೂಪಟದಂತೆ ಬರೆದು ತೋರಿಸುವ ಗಣಕ ತಂತ್ರಾಂಶಗಳು ಈಗ ಬಳಕೆಗೆ ಬಂದಿರುತ್ತವೆ. ಕೆನಡಾ ದೇಶದ ವಿದ್ವಾಂಸರಾದ ಸ್ಟೆಫಾನ್ ಸಿಂಕ್ಲೇರ್ ಮತ್ತು ಜೆಫ್ರಿ ರಾಕ್‌ವೆಲ್ ಎಂಬುವರು ರಚಿಸಿದ ವೊಯಾಂಟ್ ಎಂಬುದು ಅಂತಹವುಗಳಲ್ಲೊಂದು. ಅದಕ್ಕೆ ಕಾಸು ಕೊಡಬೇಕಾಗಿಲ್ಲ. ಶಬ್ದದ ಅರ್ಥವನ್ನು ಅದರ ಸಂಗಡಿಗರಿಂದ ತಿಳಿಯಬೇಕೆಂದು ಲಂಡನ್ನಿನ ಭಾಷಾಶಾಸ್ತ್ರಜ್ಞ ಫರ್ತ್ ಎಂಬಾತನು ೧೯೫೭ರಲ್ಲಿ ಬರೆದನು. ಸಹವಾಸದಿಂದ ಗುಣವನ್ನು ಅಳೆಯುವ ನಮ್ಮ ಜನಕ್ಕೆ ಇದು ಹೊಸ ಮಾತಾಗಿ ಕಾಣಲಾರದು.

ಈ ವಿಷಯವನ್ನು ತೆಂಗಿನ ಸೀಮೆಯೊಡನೆ ಸೇರಿಸಿ ಹೇಳುವುದಕ್ಕೆ ಕಾರಣವುಂಟು. ೧೯೧೧ರಲ್ಲಿ ಧಾರವಾಡದಲ್ಲಿ ನಿಂತು ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಉಪನ್ಯಾಸ ಮಾಡಿದ ಬಿ.ಎಂ. ಶ್ರೀಕಂಠಯ್ಯನವರು ಹುಟ್ಟಿದ್ದು ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ, ೧೮೮೪ರಲ್ಲಿ. 'ಭಾರತೀಯ ಕಾವ್ಯಮೀಮಾಂಸೆ'ಯ ಕರ್ತೃಗಳಾದ ತೀ.ನಂ. ಶ್ರೀಕಂಠಯ್ಯನವರು ಹುಟ್ಟಿದ್ದು ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ, ೧೯೦೬ರಲ್ಲಿ. ಶಬ್ದವೇ ಬಾಳಾಗಿದ್ದ ಇಬ್ಬರು ಶ್ರೀಕಂಠಯ್ಯಂದಿರನ್ನು ಕೊಟ್ಟ ಈ ನೆಲವು ಬರಿಯ ಕೊಬ್ಬರಿಯ ಧಾರಣೆಗಾಗಿ ಮಾತ್ರ ನೆನಪಾಗುವುದು ನಮಗೆ ಒಪ್ಪಿಗೆಯಲ್ಲ.

ತೀನಂಶ್ರೀಯವರ ಹೆಸರಿನೊಡನೆ ಕನ್ನಡಿಗರು ಅಭಿಮಾನದಿಂದ ಸೇರಿಸಿ ಹೇಳುವ ಶಬ್ದವೊಂದುಂಟು: ರಾಷ್ಟ್ರಪತಿ. ಗಣರಾಜ್ಯದ ಪ್ರಥಮ ಪ್ರಜೆಗೆ ಈ ಹೆಸರನ್ನು ಸೂಚಿಸಿದವರು ಅವರೇ ಎಂದು ನಮ್ಮಲ್ಲಿ ಪ್ರಸಿದ್ಧಿಯಿದೆ. ಆದರೆ ಈ ಶಬ್ದವು ಸಂವಿಧಾನಕ್ಕಿಂತ ಹಳೆಯದು. ಸ್ವಾತಂತ್ರ್ಯ ಸಂಗ್ರಾಮದ ದಿನಗಳಲ್ಲಿ ಕಾಂಗ್ರೆಸ್ಸಿನ ಅಧ್ಯಕ್ಷರನ್ನು ರಾಷ್ಟ್ರಪತಿಗಳೆಂದು ಕರೆಯುತ್ತಿದ್ದರು. ೧೯೩೭ರ ನವೆಂಬರಿನಲ್ಲಿ ನೆಹರೂರವರು ಚಾಣಕ್ಯನೆಂಬ ಮರೆಹೆಸರಿನಿಂದ 'ಮಾಡರ್ನ್ ರಿವ್ಯೂ' ಪತ್ರಿಕೆಗೆ ತಮ್ಮನ್ನೇ ಟೀಕಿಸಿ ಬರೆದ ಲೇಖನದ ಶೀರ್ಷಿಕೆಯೂ ಇದೇ. ಆ ಕಾಲದ ಪತ್ರಿಕೆಗಳನ್ನೂ ೧೯೫೦ರಿಂದ ಈಚಿನವನ್ನೂ ಬೇರೆ ಬೇರೆಯಾಗಿ ಯಂತ್ರಕ್ಕೆ ಉಣಿಸಿದರೆ, ಮೊದಲಿನ ಪಟದಲ್ಲಿ ರಾಷ್ಟ್ರಪತಿಯ ಸುತ್ತ ಕಾಂಗ್ರೆಸ್ಸು, ಅಧಿವೇಶನ, ಮೆರವಣಿಗೆಗಳೂ, ಎರಡನೆಯದರಲ್ಲಿ ಭವನ, ಅಂಕಿತ, ಆಳ್ವಿಕೆಗಳೂ ಬಂದು ಕೂರುವುವೆಂದು ನಿರೀಕ್ಷಿಸಬಹುದು. ಶಬ್ದ ಅದೇ, ನೆರೆಹೊರೆ ಬೇರೆ. ಇದನ್ನು ಹೇಳಿದರೆ ತೀನಂಶ್ರೀಯವರ ಕೀರ್ತಿಗೆ ಕುಂದೆಂದು ಕೆಲವರು ಮುನಿದಾರು. ನಮಗೆ ಹಾಗೆ ತೋರುವುದಿಲ್ಲ. ಬಳಕೆಯಲ್ಲಿದ್ದ ಶಬ್ದವನ್ನು ಗುರುತಿಸಿ ಹೊಸ ಪೀಠದಲ್ಲಿ ಕೂರಿಸುವುದೂ ಪಂಡಿತನ ಕೆಲಸವೇ. ಶಬ್ದವನ್ನು ಟಂಕಿಸುವುದಕ್ಕಿಂತ ಅದು ಕಷ್ಟದ್ದಿರಲೂಬಹುದು.

ಯಂತ್ರವು ಎಣಿಸುವ ಬಗೆ ಬಹು ಸರಳವಾದದ್ದು. ಮೂರು ವಾಕ್ಯಗಳನ್ನು ತೆಗೆದುಕೊಳ್ಳೋಣ. 'ಕೊಬ್ಬರಿಯ ಬೆಲೆ ಕುಸಿಯಿತು.' 'ಬೆಂಬಲ ಬೆಲೆಗೆ ಕೊಬ್ಬರಿ ಕೊಳ್ಳಬೇಕು.' 'ಕೊಬ್ಬರಿಗೆ ಬೆಲೆ ಬರಲೆಂದು ಕಾದ ರೈತನ ಸಾಲ ಬೆಳೆಯಿತು.' ಕೊಬ್ಬರಿ ಮತ್ತು ಬೆಲೆ ಮೂರು ಸಲ ಕೂಡಿ ಬಂದವು. ಅವುಗಳ ನಡುವೆ ದಪ್ಪನೆಯ ಗೆರೆ. ಕೊಬ್ಬರಿ ಮತ್ತು ಸಾಲ ಒಂದೇ ಸಲ, ಅಲ್ಲಿ ತೆಳುಗೆರೆ. ಸಾವಿರಾರು ವಾಕ್ಯಗಳ ಮೇಲೆ ಇದನ್ನೇ ಮಾಡಿದರೆ ಪಟವಾಗುತ್ತದೆ. 'ಮತ್ತು', 'ಈ' ಎಂಬಂತಹ ಶಬ್ದಗಳು ಎಲ್ಲರ ಮನೆಯ ನೆಂಟರಾದುದರಿಂದ ಅವನ್ನು ಮೊದಲೇ ಹೊರಗಿಡಬೇಕು. ಎರಡು ಶಬ್ದಗಳು ಆಕಸ್ಮಿಕವಾಗಿ ಕೂಡಬಹುದಾದುದಕ್ಕಿಂತ ಹೆಚ್ಚು ಸಲ ಕೂಡಿವೆಯೇ ಎಂಬುದನ್ನೂ ನೋಡಬೇಕು.

ಆದರೆ ನಮ್ಮ ಭಾಷೆಯ ಗುಣವರಿಯದ ಯಂತ್ರಕ್ಕೆ ಕೊಬ್ಬರಿಯ, ಕೊಬ್ಬರಿ, ಕೊಬ್ಬರಿಗೆ ಎಂಬುವು ಮೂರು ಬೇರೆ ಶಬ್ದಗಳು. ಬೆಲೆ, ಬೆಲೆಗೆ ಎಂಬುವು ಎರಡು. ಆಗ ಮೇಲಿನ ದಪ್ಪ ಗೆರೆಯು ಮೂರು ಎಳೆಗಳಾಗಿ ಸೀಳಿಹೋಗುತ್ತದೆ, ಕೊಬ್ಬರಿಗೂ ಬೆಲೆಗೂ ಇರುವ ನಂಟು ಸಾಲದ ನಂಟಿಗಿಂತ ಹೆಚ್ಚಿನದಾಗಿ ಕಾಣುವುದೇ ಇಲ್ಲ! ವಿಭಕ್ತಿಯನ್ನು ಕಳಚಿ, ಸಂಧಿಯನ್ನು ಬಿಡಿಸಿ, ಮೂಲರೂಪಕ್ಕೆ ತಂದ ಮೇಲೆಯೇ ಎಣಿಕೆ ನಡೆಯಬೇಕು. ಇಂಗ್ಲಿಷಿಗೆಂದು ಹೊಲಿದ ಅಂಗಿಯನ್ನು ಕನ್ನಡಕ್ಕೆ ತೊಡಿಸಿ, ಫಲಿತಾಂಶ ಸರಿಯಿಲ್ಲವೆಂದು ಕನ್ನಡವನ್ನು ದೂರುವವರನ್ನು ನಾವು ಕಂಡಿದ್ದೇವೆ. ಕೇಶಿರಾಜನ ಕಾಲದಿಂದ ವ್ಯಾಕರಣ ಪಾಂಡಿತ್ಯವುಳ್ಳ ನಾಡಿನಲ್ಲಿ ಈ ಕೆಲಸಕ್ಕೆ ಪರರ ಮುಖ ನೋಡಬೇಕೆ?

ಎಲ್ಲವೂ ಶೂನ್ಯವೆಂದು ಹೇಳಿದರೆ ಅನ್ಯಾಯವಾದೀತು. ಸಾಹಿತ್ಯ ಪರಿಷತ್ತಿನ ನಿಘಂಟಿನ ಪಂಡಿತರು ಪ್ರಯೋಗಗಳನ್ನು ಚೀಟಿಗಳಲ್ಲಿ ಕೈಯಿಂದಲೇ ಬರೆದು, ೧೯೭೦ರಿಂದ ೧೯೯೫ರೊಳಗೆ ಎಂಟು ಸಂಪುಟಗಳನ್ನು ಹೊರತಂದರು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನವು ಕನ್ನಡ ಪಠ್ಯಗಳ ಭಂಡಾರವನ್ನು ಕೂಡಿಸಿತು. ಓ.ಎಲ್. ನಾಗಭೂಷಣಸ್ವಾಮಿ, ವಸುಧೇಂದ್ರ, ಓಂಶಿವಪ್ರಕಾಶ್ ಮೊದಲಾದವರು ಕೂಡಿ ಕಟ್ಟಿದ 'ವಚನ ಸಂಚಯ'ದಲ್ಲಿ ಶಬ್ದವೊಂದನ್ನು ಕೊಟ್ಟರೆ ಅದು ಬರುವ ವಚನಗಳೆಲ್ಲ ಎದುರಿಗೆ ಬರುತ್ತವೆ.

ಉಳಿದ ಕೊರತೆಯು ಬೇರೆ ತೆರನಾದದ್ದು. ಭಂಡಾರಗಳಿಗೆ ಸುಲಭವಾಗಿ ಸೇರುವುದು ಅಚ್ಚಾದ ಕನ್ನಡ. ತೋಟದ ಕನ್ನಡವು ಹೊರಗೆ ನಿಲ್ಲುತ್ತದೆ. ಬಲಿತ ಕಾಯನ್ನು ಅಟ್ಟಕ್ಕೇರಿಸಿ, ಹತ್ತು ಹನ್ನೆರಡು ತಿಂಗಳು ಬಿಟ್ಟು, ಒಳಗಿನ ನೀರು ಇಂಗಿ ತಿರುಳು ಚಿಪ್ಪಿನಿಂದ ಬಿಟ್ಟು ಅಲುಗಾಡುವಾಗ ಸುಲಿದು ಒಡೆದು ಉಂಡೆ ಕೊಬ್ಬರಿ ತೆಗೆಯುವ ಕೆಲಸದಲ್ಲಿ ಹೆಜ್ಜೆಗೊಂದು ಮಾತುಂಟು. ಅವನ್ನು ಬರೆದಿಡದಿದ್ದರೆ ಯಂತ್ರದ ಪಟದಲ್ಲಿ ಕೊಬ್ಬರಿಯ ನೆರೆಯಲ್ಲಿ ಕ್ವಿಂಟಲ್, ಖರೀದಿ, ನೋಂದಣಿಗಳು ಮಾತ್ರ ಉಳಿದಾವು, ಅಟ್ಟವೆಂಬುದೇ ಇರಲಾರದು.

ಅಧಿಕಾರಿ ವರ್ಗದವರಿಗೂ ಇದರಲ್ಲಿ ಕೆಲಸವುಂಟು. ೨೦೨೩ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರವು ಗೊತ್ತುಮಾಡಿದ ಬೆಂಬಲ ಬೆಲೆ ಕ್ವಿಂಟಲಿಗೆ ೧೧,೭೫೦ ರೂಪಾಯಿ. ಪೇಟೆಯ ಧಾರಣೆ ಅದಕ್ಕಿಂತ ಬಹಳ ಕೆಳಗಿಳಿದು ಬೆಳೆಗಾರರು ಬೀದಿಗಿಳಿದರು. ಅಂತಹ ಸಮಯದಲ್ಲಿ ಕಚೇರಿಗಳಿಗೆ ಬರುವ ಮನವಿಗಳಲ್ಲಿ ಬೆಲೆಯೆಂಬ ಶಬ್ದದ ಪಕ್ಕದಲ್ಲಿ ನಿಲ್ಲುವುದು ಸಾಲವೋ, ಸರದಿಯೋ, ನುಸಿಯೋ, ನೀರೋ ಎಂಬುದನ್ನು ಹೋಬಳಿವಾರು ನೋಡಿದರೆ, ಯಾರು ಯಾವ ಕಷ್ಟವನ್ನು ಹೇಳಿಕೊಳ್ಳುತ್ತಿದ್ದಾರೆಂಬುದು ತೋರೀತು. ಪಟವು ಕಾರಣವನ್ನು ಹೇಳಲಾರದು. 'ನುಸಿಯಿದೆ' ಎಂಬುದನ್ನೂ 'ನುಸಿಯಿಲ್ಲ' ಎಂಬುದನ್ನೂ ಅದು ಒಂದೇ ಗೆರೆಯಲ್ಲಿ ಕಟ್ಟೀತು. ಎಲ್ಲಿ ನೋಡಬೇಕೆಂಬುದನ್ನು ತೋರಿಸಿದರೆ ಸಾಕು. ಓದುವ ಹೊಣೆ ಮನುಷ್ಯನದೇ.

ಇದಕ್ಕೆ ಬೇಕಾದುದು ಹೆಚ್ಚಿನ ಹಣವಲ್ಲ. ಹಳೆಯ ನುಡಿ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ಕಡತಗಳು ಈ ತಂತ್ರಾಂಶಗಳಿಗೆ ಅರ್ಥವಿಲ್ಲದ ಗೀರುಗಳಾಗಿ ಕಾಣುತ್ತವೆ. ಅವನ್ನು ಯೂನಿಕೋಡಿಗೆ ತಿರುಗಿಸಬೇಕು. ಅರ್ಜಿದಾರರ ಹೆಸರು, ಸರ್ವೆ ನಂಬರುಗಳನ್ನು ತೆಗೆದುಹಾಕಿ ಒಂದು ವರ್ಷದ ಮನವಿಗಳನ್ನು ತಾಲ್ಲೂಕಿನ ಕಾಲೇಜುಗಳ ಕನ್ನಡ ವಿಭಾಗಗಳಿಗೆ ಕೊಡಬೇಕು. ವಿದ್ಯಾರ್ಥಿಗಳು ಬೇಸಗೆಯ ರಜೆಯಲ್ಲಿ ಅಟ್ಟದ ಮಾತುಗಳನ್ನು ಮುದುಕರ ಬಾಯಿಂದ ಬರೆದುಕೊಂಡು ಬಂದು ಅದರ ಜತೆಗಿಡಲಿ. ಮೊದಲ ಪಟವನ್ನು ತೀರ್ಥಪುರದಿಂದಲೋ ಸಂಪಿಗೆಯಿಂದಲೋ ಆರಂಭಿಸಬಹುದು.