ತಜ್ಞರ ವರದಿ ಮತ್ತು ಸಿವಿಲ್ ದಾವೆ: ಬೆಳೆಗಾರರು ತಿಳಿದಿರಬೇಕಾದ ಸಂಗತಿಗಳು



ತೋಟವೆಂದ ಮೇಲೆ ತಕರಾರು ತಪ್ಪಿದ್ದಲ್ಲ. ಪಕ್ಕದ ಜಮೀನಿನಲ್ಲಿ ಹೊಡೆದ ಕಳೆನಾಶಕ ಗಾಳಿಗೆ ಹಾರಿ ಬಂದು ನಮ್ಮ ಅಡಿಕೆ ಸಸಿಗಳು ಸುಟ್ಟುಹೋಗಬಹುದು. ಬೇಲಿಯಾಚೆ ಹಚ್ಚಿದ ಬೆಂಕಿ ಕಾಫಿ ಗಿಡಗಳನ್ನೂ ನೆರಳಿನ ಮರಗಳನ್ನೂ ನುಂಗಬಹುದು. ಒಳ್ಳೆಯ ತಳಿಯೆಂದು ಕೊಂಡ ಸಸಿ, ವರ್ಷಗಟ್ಟಲೆ ಸಾಕಿದ ಮೇಲೆ ಬೇರೆಯೇ ತಳಿಯೆಂದು ತಿಳಿಯಬಹುದು. ಇಂಥ ನಷ್ಟಕ್ಕೆ ಪರಿಹಾರ ಕೋರಿ ಸಿವಿಲ್ ನ್ಯಾಯಾಲಯಕ್ಕೆ ಹೋದಾಗ ಎರಡು ಪ್ರಶ್ನೆಗಳು ಏಳುತ್ತವೆ: ಗಿಡ ಸತ್ತದ್ದು ಏತರಿಂದ? ನಷ್ಟ ಎಷ್ಟು? ಇವನ್ನು ನ್ಯಾಯಾಧೀಶರು ತಾವಾಗಿಯೇ ಹೇಳಲಾರರು. ವಿಷಯ ಬಲ್ಲವರ ಅಭಿಪ್ರಾಯ ಬೇಕಾಗುತ್ತದೆ.

ಅಧಿಕಾರಿಯೊಬ್ಬರಿಂದ ಮೊಹರು ಬಿದ್ದ ಒಂದು ಪುಟದ ವರದಿ ಪಡೆದುಬಿಟ್ಟರೆ ದಾವೆ ಗೆದ್ದಂತೆಯೇ ಎಂದು ನಮ್ಮಲ್ಲಿ ಅನೇಕರು ಭಾವಿಸಿದ್ದಾರೆ. ಈ ಭಾವನೆ ಸರಿಯಲ್ಲ. ವರದಿ ಬೇರೆ, ಸಾಕ್ಷ್ಯ ಬೇರೆ. ಒಂದು ಇನ್ನೊಂದಾಗುವುದು ಹೇಗೆ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಕಾನೂನು ಏನು ಹೇಳುತ್ತದೆ?

ತಜ್ಞರ ಅಭಿಪ್ರಾಯವನ್ನು ನ್ಯಾಯಾಲಯ ಪರಿಗಣಿಸಲು 1872ರ ಸಾಕ್ಷ್ಯ ಅಧಿನಿಯಮದ 45ನೇ ಕಲಂ ಅವಕಾಶ ಕೊಟ್ಟಿತ್ತು. 2024ರ ಜುಲೈ 1ರಿಂದ ಅದರ ಸ್ಥಾನದಲ್ಲಿ ಭಾರತೀಯ ಸಾಕ್ಷ್ಯ ಅಧಿನಿಯಮ, 2023 ಜಾರಿಯಲ್ಲಿದ್ದು, ಈಗ 39ನೇ ಕಲಂ ನೋಡಬೇಕು. ಆ ದಿನಕ್ಕೆ ಮೊದಲೇ ನಡೆಯುತ್ತಿದ್ದ ದಾವೆಗಳಿಗೆ ಹಳೆಯ ಕಾಯಿದೆಯೇ ಅನ್ವಯಿಸುತ್ತದೆ. ಹೊಸ ಕಾಯಿದೆಯ 45ನೇ ಕಲಮಿನ ಪ್ರಕಾರ ತಜ್ಞರ ಅಭಿಪ್ರಾಯವಷ್ಟೇ ಅಲ್ಲ, ಅದಕ್ಕೆ ಆಧಾರವಾದ ಕಾರಣಗಳೂ ಪ್ರಸ್ತುತವಾಗುತ್ತವೆ. ಬೆಳೆಗಾರರಿಗೆ ಮುಖ್ಯವಾದದ್ದು ಈ ಕಾರಣಗಳೇ.

ಸೇಬು ಬೆಳೆಗಾರರ ಪ್ರಕರಣ

ಇದಕ್ಕೆ ನಮ್ಮಂಥ ತೋಟಗಾರರ ಪ್ರಕರಣವೇ ಉದಾಹರಣೆಯಾಗಿದೆ. 1983ರಲ್ಲಿ ಹಿಮಾಚಲ ಪ್ರದೇಶದ ಸೇಬಿಗೆ ಸ್ಕ್ಯಾಬ್ ರೋಗ ತಗಲಿತು. ರೋಗ ಬಿದ್ದ ಹಣ್ಣನ್ನು ಸರಕಾರವೇ ಬೆಂಬಲ ಬೆಲೆಗೆ ಕೊಂಡಿತು. ಕೆಲವು ಬೆಳೆಗಾರರು ತಮ್ಮ ತೋಟ ಕೊಡಬಹುದಾದುದಕ್ಕಿಂತ ಹೆಚ್ಚು ಹಣ್ಣು ತೋರಿಸಿ ಹಣ ಪಡೆದರೆಂದು ಮೊಕದ್ದಮೆ ಹೂಡಲಾಯಿತು. ತೋಟದ ಇಳುವರಿ ಇಷ್ಟೇ ಎಂದು ಹೇಳಲು ಸರಕಾರ ಆಧರಿಸಿದ್ದು ತೋಟಗಾರಿಕೆ ಅಧಿಕಾರಿಯ ವರದಿಯನ್ನು. 1999ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹಿಮಾಚಲ ಪ್ರದೇಶ ಸರಕಾರ ಮತ್ತು ಜೈ ಲಾಲ್ ಪ್ರಕರಣದಲ್ಲಿ ಆ ವರದಿಯನ್ನು ನೆಚ್ಚಲು ಒಪ್ಪದೆ ಬೆಳೆಗಾರರ ಬಿಡುಗಡೆಯನ್ನು ಎತ್ತಿಹಿಡಿಯಿತು.

ಅಲ್ಲಿ ನ್ಯಾಯಾಲಯ ಹೇಳಿದ ಮಾತುಗಳ ಸಾರ ಹೀಗಿದೆ. ತಜ್ಞನೆನಿಸಿಕೊಳ್ಳಲು ಆ ವಿಷಯದಲ್ಲಿ ವಿಶೇಷ ಅಧ್ಯಯನ ಅಥವಾ ಅನುಭವವಿರಬೇಕು, ಹುದ್ದೆಯೊಂದೇ ಸಾಲದು. ತೀರ್ಮಾನವನ್ನು ನ್ಯಾಯಾಧೀಶರು ಸ್ವತಃ ಒರೆಹಚ್ಚಿ ನೋಡುವಂತೆ ಅಂಕಿಅಂಶವನ್ನೂ ವಿಧಾನವನ್ನೂ ಮುಂದಿಡಬೇಕು. ವರದಿ ತಾನಾಗಿಯೇ ಸಾಕ್ಷ್ಯವಾಗುವುದಿಲ್ಲ. ಅದನ್ನು ಬರೆದವರು ನ್ಯಾಯಾಲಯಕ್ಕೆ ಬಂದು ಪಾಟೀಸವಾಲನ್ನು ಎದುರಿಸಬೇಕು. ಅದು ಕ್ರಿಮಿನಲ್ ಪ್ರಕರಣವಾದರೂ ತಜ್ಞ ಸಾಕ್ಷ್ಯದ ಈ ತತ್ವ ಸಿವಿಲ್ ದಾವೆಗೂ ಸಲ್ಲುತ್ತದೆ. ಆ ವರದಿಯ ದೌರ್ಬಲ್ಯದಿಂದ ಬೆಳೆಗಾರರು ಉಳಿದುಕೊಂಡರು. ನಾವು ವಾದಿಗಳಾಗಿ ಅಂಥದೇ ವರದಿ ಹಿಡಿದುಹೋದರೆ ಸೋಲುವವರು ನಾವೇ.

ಕೋರ್ಟ್ ಕಮಿಷನರ ವರದಿ

ಇದಕ್ಕಿಂತ ಭಿನ್ನವಾದದ್ದು ನ್ಯಾಯಾಲಯವೇ ನೇಮಿಸುವ ಕಮಿಷನರ ವರದಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 26ನೇ ಆದೇಶದ 9ನೇ ನಿಯಮದಂತೆ ಸ್ಥಳ ಪರಿಶೀಲನೆಗೂ ನಷ್ಟದ ಅಂದಾಜಿಗೂ, 10ಎ ನಿಯಮದಂತೆ ವೈಜ್ಞಾನಿಕ ಪರೀಕ್ಷೆಗೂ ಕಮಿಷನರನ್ನು ನೇಮಿಸುವಂತೆ ಅರ್ಜಿ ಹಾಕಬಹುದು. ಸ್ಥಳ ಪರಿಶೀಲನೆಯ ವರದಿ 10ನೇ ನಿಯಮದಂತೆ ದಾವೆಯಲ್ಲಿ ಸಾಕ್ಷ್ಯವೇ ಆಗುತ್ತದೆ. ಆದರೂ ನ್ಯಾಯಾಲಯದ ಅನುಮತಿ ಪಡೆದು ಯಾವ ಪಕ್ಷದವರೂ ಕಮಿಷನರನ್ನು ಕರೆಸಿ ಪ್ರಶ್ನಿಸಬಹುದು. ನಮ್ಮ ಪರ ಸಾಕ್ಷ್ಯವನ್ನು ಹುಡುಕಿಕೊಡುವುದು ಕಮಿಷನರ ಕೆಲಸವಲ್ಲವೆಂಬುದನ್ನೂ ನೆನಪಿಡಬೇಕು. ಒಣಗಿದ ಗಿಡ ಕಡಿದುಹಾಕುವ ಮೊದಲೇ ಈ ಅರ್ಜಿ ಹೋಗಬೇಕು.

ವರದಿಯಲ್ಲಿ ಏನೇನಿರಬೇಕು?

ಅಮೆರಿಕದ ಫೆಡರಲ್ ನ್ಯಾಯಾಲಯಗಳಲ್ಲಿ 1993ರ ತಿದ್ದುಪಡಿಯ ನಂತರ, ದಾವೆಗೆಂದು ಗೊತ್ತುಮಾಡಿದ ತಜ್ಞರು ವಿಚಾರಣೆಗೆ ಮೊದಲೇ ಎದುರು ಪಕ್ಷಕ್ಕೆ ಲಿಖಿತ ವರದಿ ಕೊಡಬೇಕು. ಅಭಿಪ್ರಾಯ, ಕಾರಣ, ಪರಿಗಣಿಸಿದ ಸಂಗತಿಗಳು, ವಿದ್ಯಾರ್ಹತೆ, 10 ವರ್ಷಗಳ ಬರಹಗಳು, 4 ವರ್ಷಗಳಲ್ಲಿ ಸಾಕ್ಷಿ ಹೇಳಿದ ದಾವೆಗಳು, ಪಡೆಯುವ ಸಂಭಾವನೆ, ಎಲ್ಲವೂ ಅದರಲ್ಲಿರಬೇಕು. ಕೊಡದಿದ್ದರೆ, ತಕ್ಕ ಕಾರಣವಿಲ್ಲದ ಹೊರತು ಆ ತಜ್ಞರ ಸಾಕ್ಷ್ಯಕ್ಕೆ ಸಾಮಾನ್ಯವಾಗಿ ಅವಕಾಶವಿಲ್ಲ. ನಮ್ಮಲ್ಲಿ ಇಷ್ಟು ವಿವರವಾದ ನಿಯಮ ಇಲ್ಲವಾದರೂ ವರದಿ ಬರೆಸುವಾಗ ಆ ಪಟ್ಟಿ ಒಳ್ಳೆಯ ಮಾದರಿ.

ಸದಸ್ಯರು ಈ ಕೆಳಗಿನ ಅಂಶಗಳನ್ನು ಗಮನದಲ್ಲಿಡಬೇಕು:

1. ನಷ್ಟವಾದ ಕೂಡಲೇ ಸಂಶೋಧನಾ ಕೇಂದ್ರಕ್ಕೋ ತೋಟಗಾರಿಕೆ ಇಲಾಖೆಗೋ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಪರಿಶೀಲನೆಯ ದಿನ ಎದುರು ಪಕ್ಷದವರಿಗೂ ನೋಟೀಸು ಕೊಡುವುದು ಒಳ್ಳೆಯದು.

2. ವರದಿಯಲ್ಲಿ ಸರ್ವೆ ನಂಬರು, ತಾರೀಖು, ಗಿಡಗಳ ಸಂಖ್ಯೆ ಮತ್ತು ವಯಸ್ಸು, ಕಂಡ ಲಕ್ಷಣ, ಮಾಡಿದ ಪರೀಕ್ಷೆ, ರೋಗ ಅಥವಾ ನೀರಿನ ಕೊರತೆ ಕಾರಣವಲ್ಲವೆಂದು ಹೇಗೆ ತಿಳಿಯಿತು ಎಂಬ ವಿವರ ಇರಲಿ.

3. ಮಣ್ಣು, ಎಲೆಯ ಮಾದರಿಯನ್ನು ಯಾರು, ಎಂದು, ಎಲ್ಲಿ ತೆಗೆದರೆಂದು ಬರೆದು ಸಹಿ ಹಾಕಿಸಿ. ಮೊಬೈಲಿನ ಚಿತ್ರಗಳಿಗೆ ಹೊಸ ಕಾಯಿದೆಯ 63ನೇ ಕಲಮಿನ ಪ್ರಮಾಣಪತ್ರ ಬೇಕಾಗುತ್ತದೆ.

4. ನಷ್ಟದ ಮೊತ್ತಕ್ಕೆ ಹಿಂದಿನ ವರ್ಷಗಳ ಮಾರಾಟದ ರಸೀದಿ, ಸಂಘದ ಲೆಕ್ಕ ಇವುಗಳೇ ಬುನಾದಿ. ಇವಿಲ್ಲದಿದ್ದರೆ ತಜ್ಞರ ಅಂದಾಜು ಬರಿಯ ಊಹೆಯಾಗುತ್ತದೆ.

5. ನೆಚ್ಚಿಕೊಂಡ ವರದಿಯನ್ನು ದಾವಾಪತ್ರದೊಡನೆಯೇ ಹಾಜರುಪಡಿಸಿ. ವಿವಾದಾಂಶಗಳು ನಿಗದಿಯಾದ 15 ದಿನಗಳೊಳಗೆ ಕೊಡುವ ಸಾಕ್ಷಿಪಟ್ಟಿಯಲ್ಲಿ ತಜ್ಞರ ಹೆಸರಿರಲಿ. ಅವರಿಗೆ ಸಮನ್ಸು ಕಳಿಸಲು ತಗಲುವ ಭತ್ಯೆಯನ್ನು ನಾವೇ ಕಟ್ಟಬೇಕು.

6. ವರದಿ ಬರೆಸುವ ಮೊದಲೇ ಅವರು ಸಾಕ್ಷಿ ಹೇಳಲು ಬರಬಲ್ಲರೇ ಎಂದು ವಿಚಾರಿಸಿ. ವರ್ಗವಾಗುವ, ನಿವೃತ್ತರಾಗುವ ಅಧಿಕಾರಿಗಳ ವಿಳಾಸ ಬರೆದಿಟ್ಟುಕೊಳ್ಳಿ.

ಎದುರು ಪಕ್ಷದವರು ತಜ್ಞರ ವರದಿ ತಂದರೂ ಇದೇ ಅಳತೆಗೋಲು. ತೋಟಕ್ಕೆ ಎಷ್ಟು ಸಲ ಬಂದಿದ್ದರು, ಎಷ್ಟು ಗಿಡ ನೋಡಿದರು, ಲೆಕ್ಕ ಹೇಗೆ ಹಾಕಿದರು ಎಂದು ಪಾಟೀಸವಾಲಿನಲ್ಲಿ ಕೇಳುವ ಹಕ್ಕು ನಮಗಿದೆ. ಅದನ್ನು ಬಿಟ್ಟುಕೊಡಬಾರದು. ಕೊನೆಗೂ ತಜ್ಞರದು ಅಭಿಪ್ರಾಯ ಮಾತ್ರ, ತೀರ್ಪು ನ್ಯಾಯಾಧೀಶರದೇ.

ಇದನ್ನೆಲ್ಲ ವಕೀಲರು ನೋಡಿಕೊಳ್ಳುತ್ತಾರೆ ಎನ್ನಬಹುದು. ಆದರೆ ಗಿಡ ಒಣಗಿದ ವಾರ ತೋಟದಲ್ಲಿರುವವರು ವಕೀಲರಲ್ಲ, ನಾವು. ಆಗ ಬರೆದಿಡದ ಸಂಗತಿಯನ್ನು ಮೂರು ವರ್ಷದ ನಂತರ ಯಾವ ತಜ್ಞರೂ ತುಂಬಿಕೊಡಲಾರರು. ಆದುದರಿಂದ ಸದಸ್ಯರು ತೋಟದ ದಿನಚರಿಯನ್ನೂ ಮಾರಾಟದ ರಸೀದಿಗಳನ್ನೂ ಜೋಪಾನವಾಗಿ ಇಟ್ಟುಕೊಳ್ಳಬೇಕೆಂದೂ, ತಕರಾರು ತಲೆದೋರಿದೊಡನೆ ವಕೀಲರನ್ನು ಕಾಣಬೇಕೆಂದೂ ಕೋರುತ್ತೇನೆ.

— ಕಾರ್ಯದರ್ಶಿ