ಲಾಗ ಹಾಕುವ ಮಕ್ಕಳ ಹತ್ತು ಮೆಟ್ಟಿಲು

ಡಲ್ಲಾಸ್, ಸ್ಯಾನ್ ಹೋಸೆ, ನ್ಯೂಜೆರ್ಸಿಯ ಕನ್ನಡದ ಮನೆಗಳಲ್ಲಿ ವಾರಾಂತ್ಯವೆಂದರೆ ಮಕ್ಕಳನ್ನು ಕಾರಿಗೆ ಹತ್ತಿಸಿಕೊಂಡು ಒಂದು ಕ್ಲಾಸಿನಿಂದ ಇನ್ನೊಂದಕ್ಕೆ ಓಡುವುದು. ಕನ್ನಡ ತರಗತಿ, ಈಜು, ಭರತನಾಟ್ಯ, ಇವುಗಳ ನಡುವೆ ಎಲ್ಲೋ ಒಂದು ಗಂಟೆ ಜಿಮ್ನಾಸ್ಟಿಕ್ಸ್. ಊರಿನಿಂದ ಬಂದ ಅಜ್ಜಿ ಗಾಜಿನ ಗೋಡೆಯ ಈಚೆ ಕೂತು, ಮೊಮ್ಮಗಳ ಕತ್ತು ಎಲ್ಲಿ ಉಳುಕುತ್ತದೋ ಎಂದು ಜೀವ ಕೈಯಲ್ಲಿ ಹಿಡಿದುಕೊಂಡಿರುತ್ತಾರೆ. ಈ ತರಗತಿಗೆ ಅಲ್ಲಿ 'ರೆಕ್' ಅನ್ನುತ್ತಾರೆ. ರಿಕ್ರಿಯೇಷನ್, ಅಂದರೆ ಮೋಜಿಗೆ. ಫೋಮ್ ತುಂಡು ತುಂಬಿದ ಗುಂಡಿಗೆ ಹಾರುವುದು, ಟ್ರ್ಯಾಂಪೊಲಿನ್ ಮೇಲೆ ಕುಣಿಯುವುದು, ನೆಲಮಟ್ಟದ ಬೀಮ್ ಮೇಲೆ ಕೈ ಚಾಚಿ ನಡೆಯುವುದು. ಮನೆಗೆ ಹೊರಡುವಾಗ ಕೈಗೊಂದು ಸ್ಟಿಕ್ಕರ್.

ಬಹುಪಾಲು ಮಕ್ಕಳ ಜಿಮ್ನಾಸ್ಟಿಕ್ಸ್ ಇಲ್ಲಿಗೇ ಮುಗಿಯುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಕೆಲವರ ಮನೆಗೆ ಮಾತ್ರ ಕ್ಲಬ್ಬಿನಿಂದ ಒಂದು ಚೀಟಿ ಬರುತ್ತದೆ: ನಿಮ್ಮ ಮಗುವನ್ನು 'ಪ್ರೀ-ಟೀಮ್' ಗುಂಪಿಗೆ ಸೇರಿಸಿಕೊಳ್ಳಬೇಕೆಂದಿದ್ದೇವೆ, ಬಂದು ಮಾತಾಡಿ.

ಮಗು ಚೆನ್ನಾಗಿ ಲಾಗ ಹಾಕಿತು, ಅದಕ್ಕೇ ಆರಿಸಿದರು ಎಂದು ತಂದೆತಾಯಿ ಅಂದುಕೊಳ್ಳುತ್ತಾರೆ. ಲಾಗ ಯಾರಿಗೆ ಬೇಕಾದರೂ ಕಲಿಸಬಹುದು. ಕೋಚ್‌ಗಳ ಕಣ್ಣು ಇರುವುದು ಬೇರೆ ಕಡೆ. ಸಾಲಿನಲ್ಲಿ ತನ್ನ ಸರದಿಗೆ ಕಾಯುವಾಗ ಮಗು ಏನು ಮಾಡುತ್ತದೆ, ಮೊಣಕಾಲು ನೆಟ್ಟಗೆ ಮಾಡು ಎಂದು ಒಮ್ಮೆ ಹೇಳಿದ್ದು ಮುಂದಿನ ಸುತ್ತಿನಲ್ಲಿ ನೆನಪಿದೆಯೋ ಇಲ್ಲವೋ, ಬಾರಿಗೆ ಜೋತುಬಿದ್ದರೆ ಎಷ್ಟು ಹೊತ್ತು ಕೈ ಬಿಡದೆ ಇರುತ್ತದೆ, ಬಿದ್ದ ಮೇಲೆ ಅಮ್ಮನ ಕಡೆ ನೋಡುತ್ತದೋ ಬಾರಿನ ಕಡೆಗೋ. ಹ್ಯೂಸ್ಟನ್ನಿನ ಸಿಮೋನ್ ಬೈಲ್ಸ್‌ಗೆ ಆರು ವರ್ಷವಿದ್ದಾಗ ಡೇಕೇರ್‌ನವರು ಮಕ್ಕಳನ್ನೆಲ್ಲ ಬ್ಯಾನನ್ಸ್ ಎಂಬ ಜಿಮ್ನಾಸ್ಟಿಕ್ಸ್ ಕ್ಲಬ್ಬಿಗೆ ಕರೆದುಕೊಂಡು ಹೋಗಿದ್ದರು. ಅಲ್ಲಿ ದೊಡ್ಡ ಹುಡುಗಿಯರು ಮಾಡುತ್ತಿದ್ದುದನ್ನು ಅವಳು ನೋಡಿ ನೋಡಿಯೇ ನಕಲು ಮಾಡಿದಳು. ಕ್ಲಬ್ಬಿನವರು ಅವಳ ಕೈಯಲ್ಲೇ ಮನೆಗೆ ಪತ್ರ ಕೊಟ್ಟು ಕಳಿಸಿದರು. ಅಂಥ ಮಕ್ಕಳು ಅಪರೂಪ. ಕ್ಲಬ್ಬುಗಳು ನಡೆಯುವುದು ಹೇಳಿದ್ದನ್ನು ಕೇಳಿ ನೂರು ಸಲ ಮಾಡುವ ಸಾಧಾರಣ ಮಕ್ಕಳಿಂದ.

ಪ್ರೀ-ಟೀಮ್ ಸೇರಿದ ಕೂಡಲೇ ಗುಂಡಿಗೆ ಹಾರುವುದು ಕಡಿಮೆಯಾಗುತ್ತದೆ. ವಾರಕ್ಕೆ ಒಂದು ಗಂಟೆ ಇದ್ದದ್ದು ಮೂರು ನಾಲ್ಕು ಗಂಟೆಯಾಗುತ್ತದೆ. ಗೋಡೆಗೆ ಹೊಟ್ಟೆ ತಾಗಿಸಿ ಹ್ಯಾಂಡ್‌ಸ್ಟ್ಯಾಂಡ್, ಬೆನ್ನಿನ ಮೇಲೆ ಮಲಗಿ ಕೈಕಾಲು ನೆಲದಿಂದ ಒಂದು ಗೇಣು ಎತ್ತಿ ಹಿಡಿಯುವುದು, ಹಗ್ಗ ಹತ್ತುವುದು, ಕಾಲು ಚಾಚಿ ಕೂತು ಸ್ಪ್ಲಿಟ್. ನೋಡುವವರಿಗೆ ಬೇಸರ ಬರುವಂಥ ಕೆಲಸ. ಮಾಡುವ ಮಕ್ಕಳಿಗೂ ಬೇಸರವೇ, ಮತ್ತು ಕೆಲವರು ಇಲ್ಲಿಯೇ ಬಿಡುತ್ತಾರೆ.

ಅಮೆರಿಕದ ಒಕ್ಕೂಟವಾದ ಯುಎಸ್ಎ ಜಿಮ್ನಾಸ್ಟಿಕ್ಸ್ ಹುಡುಗಿಯರಿಗೆಂದು ಹತ್ತು ಲೆವೆಲ್‌ಗಳ ಏಣಿ ಕಟ್ಟಿದೆ. ಮೊದಲು ಇದಕ್ಕೆ ಜೂನಿಯರ್ ಒಲಿಂಪಿಕ್ ಎನ್ನುತ್ತಿದ್ದರು, ಈಗ ಡೆವಲಪ್‌ಮೆಂಟ್ ಪ್ರೋಗ್ರಾಂ ಎನ್ನುತ್ತಾರೆ. ಒಂದರಿಂದ ಐದರವರೆಗೆ ಎಲ್ಲವೂ ಕಡ್ಡಾಯ: ನ್ಯೂಯಾರ್ಕಿನ ಮಗುವೂ ಟೆಕ್ಸಸ್‌ನ ಮಗುವೂ ಅದೇ ಸಂಗೀತಕ್ಕೆ ಅದೇ ಹೆಜ್ಜೆ, ಅದೇ ಕ್ರಮದಲ್ಲಿ ಅದೇ ಚಲನೆ. ಒಂದು ಸ್ಪರ್ಧೆಯಲ್ಲಿ ಕೂತು ನೋಡಿದರೆ ಆ ಒಂದೇ ಟ್ಯೂನ್ ಮಧ್ಯಾಹ್ನದವರೆಗೆ ಕಿವಿಯಲ್ಲಿ ಕೊರೆಯುತ್ತದೆ. ವಾಲ್ಟ್, ಬಾರ್, ಬೀಮ್, ಫ್ಲೋರ್ ಎಂಬ ನಾಲ್ಕು ವಿಭಾಗ, ಒಂದೊಂದಕ್ಕೆ 10 ಅಂಕ. ಜಡ್ಜ್‌ಗಳು ಹತ್ತರಿಂದ ಕಳೆಯುತ್ತಾ ಬರುತ್ತಾರೆ. ಮೊಣಕಾಲು ಬಾಗಿದರೆ 0.3ರವರೆಗೂ ಹೋಗುತ್ತದೆ, ಬಿದ್ದರೆ ಅರ್ಧ ಅಂಕ. ಪಾದದ ತುದಿ ಚಾಚದಿದ್ದರೂ ಲೆಕ್ಕ ಉಂಟು. ಮೇಲಿನ ಮೆಟ್ಟಿಲು ಹತ್ತಲು ಈಗಿನ ಮೆಟ್ಟಿಲಿನಲ್ಲಿ ಗೊತ್ತುಮಾಡಿದಷ್ಟು ಒಟ್ಟು ಅಂಕ ಬಂದಿರಬೇಕು. ವಯಸ್ಸಿನ ಕಟ್ಟೂ ಇದೆ. ಏಳು ತುಂಬದೆ ನಾಲ್ಕನೇ ಲೆವೆಲ್ ಇಲ್ಲ, ಒಂಬತ್ತು ತುಂಬದೆ ಹತ್ತನೆಯದಿಲ್ಲ. (ಹುಡುಗರ ಏಣಿ ಬೇರೆ, ಅವರಿಗೆ ಆರು ವಿಭಾಗ.)

ಈ ಏಣಿಯಲ್ಲಿ ಎಲ್ಲರ ಬಾಯಲ್ಲೂ ಇರುವ ಒಂದು ಹೆಸರು ಕಿಪ್. ನಾಲ್ಕನೇ ಲೆವೆಲ್‌ನ ಬಾರ್ ಪ್ರದರ್ಶನ ಶುರುವಾಗುವುದೇ ಇದರಿಂದ. ಮಗು ಜಿಗಿದು ಕೆಳಗಿನ ಬಾರ್ ಹಿಡಿಯುತ್ತದೆ. ಕಾಲು ನೆಲಕ್ಕೆ ತಾಗದ ಹಾಗೆ ಮೈಯನ್ನು ಮುಂದಕ್ಕೆ ಜಾರಿಸುತ್ತದೆ. ಜಾರಿದ ತುದಿಯಲ್ಲಿ ದೇಹ ಪೂರ್ತಿ ನೀಳವಾಗಿರಬೇಕು. ಆಗ ಎರಡೂ ಕಾಲು ಒಟ್ಟಿಗೆ ಎತ್ತಿ ಪಾದವನ್ನು ಬಾರಿನ ಹತ್ತಿರ ತರಬೇಕು. ಮೈ ಹಿಂದಕ್ಕೆ ತೂಗಿ ಬರುವಾಗ ಮೊಣಕೈ ಮಡಿಸದೆ ಬಾರನ್ನು ಪಾದದಿಂದ ಮೊಣಕಾಲು, ತೊಡೆ, ಸೊಂಟದವರೆಗೆ ಎಳೆದುಕೊಂಡರೆ ದೇಹ ತಾನಾಗಿ ಬಾರಿನ ಮೇಲೇರಿ ನಿಲ್ಲುತ್ತದೆ. ಪ್ಯಾಂಟು ಏರಿಸಿಕೊಂಡ ಹಾಗೆ ಎಂದು ಕೋಚ್‌ಗಳು ಹೇಳಿಕೊಡುವುದು ಇದಕ್ಕೇ. ಇಡೀ ಆಟ ಎರಡು ಸೆಕೆಂಡಿನಲ್ಲಿ ಮುಗಿಯುತ್ತದೆ. ಕಲಿಯಲು ತಿಂಗಳುಗಳು ಬೇಕು, ಕೆಲವರಿಗೆ ವರ್ಷ ದಾಟುತ್ತದೆ. ತೋಳಿನ ಬಲವೊಂದಿದ್ದರೆ ಸಾಲದು. ಅರ್ಧ ಕ್ಷಣ ಮೊದಲು ಎಳೆದರೆ ಮಗು ಧಪ್ ಎಂದು ಕೆಳಗೆ, ಅರ್ಧ ಕ್ಷಣ ತಡವಾದರೂ ಅಷ್ಟೇ. ಅಂಗೈಯಲ್ಲಿ ಗುಳ್ಳೆ ಎದ್ದು, ಒಡೆದು, ಚರ್ಮ ಕಿತ್ತು ಬರುತ್ತದೆ. ಚಾಕ್ ಪುಡಿ ಹಚ್ಚಿಕೊಂಡು ಮತ್ತೆ ಸಾಲಿಗೆ. ಮೊದಲ ಕಿಪ್ ಬಂದ ದಿನ ಜಿಮ್ಮಿನಲ್ಲಿ ಚಪ್ಪಾಳೆ ಬೀಳುತ್ತದೆ, ಅಮ್ಮನ ಫೋನಿನಿಂದ ಬೆಂಗಳೂರಿಗೆ ವಿಡಿಯೊ ಹೋಗುತ್ತದೆ. ಮಾರನೇ ದಿನ ಅದೇ ಕಿಪ್ ಬಾರದೆ ಅಳುವೂ ಬರುತ್ತದೆ.

ಮನೆಯಲ್ಲಿ ಅಭ್ಯಾಸ ಮಾಡುವ ಹುಚ್ಚು ಹಿಡಿದ ಮಕ್ಕಳಿಗೆ ಸೋಫಾ ಕೈ, ಬಾಗಿಲ ಚೌಕಟ್ಟು ಯಾವುದೂ ಉಳಿಯುವುದಿಲ್ಲ. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಆಲ್-ಅರೌಂಡ್ ಚಿನ್ನ ಗೆದ್ದ ಮಿನೆಸೋಟದ ಸುನಿಸಾ ಲೀಗೆ ಅವಳ ಅಪ್ಪ ಹಿತ್ತಿಲಲ್ಲಿ ಮರದ ಬೀಮ್ ಮಾಡಿಕೊಟ್ಟಿದ್ದರು. ಸ್ಪರ್ಧೆಯ ಬೀಮ್ ಹತ್ತು ಸೆಂಟಿಮೀಟರ್ ಅಗಲ, ಐದು ಮೀಟರ್ ಉದ್ದ, ನೆಲದಿಂದ 125 ಸೆಂಟಿಮೀಟರ್ ಎತ್ತರ.

ಏಣಿ ಹತ್ತಿದಂತೆ ಮನೆಯ ಗಡಿಯಾರವೂ ತಿಂಗಳ ಖರ್ಚೂ ಮಗುವಿನ ಸುತ್ತ ಸುತ್ತತೊಡಗುತ್ತವೆ. ಕ್ಲಬ್ ಫೀಸು, ಸ್ಪರ್ಧೆಯ ಪ್ರವೇಶ ಶುಲ್ಕ, ಹೊಳೆಯುವ ಲಿಯೊಟಾರ್ಡು, ಊರೂರಿಗೆ ಓಡಾಟ. ಹತ್ತನೇ ಲೆವೆಲ್ಲಿಗೆ ಬಂದವರು ವಾರಕ್ಕೆ ಇಪ್ಪತ್ತು ಗಂಟೆಗೂ ಹೆಚ್ಚು ಜಿಮ್ಮಿನಲ್ಲಿರುತ್ತಾರೆ. ಇಷ್ಟೆಲ್ಲ ಬೇಡ, ಆದರೆ ಸ್ಪರ್ಧೆಯ ಖುಷಿ ಬೇಕು ಎನ್ನುವವರಿಗೆ ಎಕ್ಸೆಲ್ ಎಂಬ ಇನ್ನೊಂದು ದಾರಿ ಇದೆ. ಬ್ರಾಂಜ್‌ನಿಂದ ಸಫೈರ್‌ವರೆಗೆ ಆರು ವಿಭಾಗ, ಕಡ್ಡಾಯದ ಹೆಜ್ಜೆ ಇಲ್ಲ, ಸಮಯವೂ ಕಡಿಮೆ. ಎರಡನೇ ದರ್ಜೆ ಎಂದು ಮೂಗು ಮುರಿಯುವವರಿದ್ದಾರೆ. ಆದರೆ ಹದಿನೈದರ ವಯಸ್ಸಿಗೂ ಜಿಮ್ ಬಿಡದೆ ಉಳಿದ ಎಷ್ಟೋ ಹುಡುಗಿಯರನ್ನು ಉಳಿಸಿದ್ದು ಇದೇ ದಾರಿ.

ಆರನೇ ಲೆವೆಲ್‌ನಿಂದ ಮುಂದೆ ಪ್ರತಿಯೊಬ್ಬರಿಗೂ ಸ್ವಂತ ಸಂಗೀತ, ಸ್ವಂತ ಪ್ರದರ್ಶನ. ಹತ್ತರ ಮೇಲೆ ಎಲೀಟ್, ಅಂದರೆ ಅಂತರರಾಷ್ಟ್ರೀಯ ನಿಯಮದ ಆಟ. ಅಲ್ಲಿ 2006ರಿಂದ ಹತ್ತರ ಮಿತಿ ಇಲ್ಲ, ಬಿದ್ದರೆ ಪೂರ್ತಿ ಒಂದು ಅಂಕ ಖೋತಾ. ನಾಡಿಯಾ ಕೊಮನೆಚಿ 1976ರ ಮಾಂಟ್ರಿಯಲ್‌ನಲ್ಲಿ 10 ಪಡೆದಾಗ ಅವಳಿಗೆ ಹದಿನಾಲ್ಕು. ಈಗಿನ ನಿಯಮದಲ್ಲಿ ಒಲಿಂಪಿಕ್ಸ್ ನಡೆಯುವ ವರ್ಷದೊಳಗೆ ಹದಿನಾರು ತುಂಬದವರಿಗೆ ಅಲ್ಲಿ ಅವಕಾಶವಿಲ್ಲ. ಎಲೀಟ್ ತಲುಪಿದರೂ ಸ್ಥಾನ ಖಚಿತವಲ್ಲ: ಬೈಲ್ಸ್ ಕೂಡ 2011ರಲ್ಲಿ ಜೂನಿಯರ್ ರಾಷ್ಟ್ರೀಯ ತಂಡವನ್ನು ಒಂದೇ ಸ್ಥಾನದಿಂದ ತಪ್ಪಿಸಿಕೊಂಡಿದ್ದಳು. ಮರುವರ್ಷ ಶಾಲೆ ಬಿಟ್ಟು ಮನೆಯಲ್ಲೇ ಓದತೊಡಗಿದಳು. ಅಭ್ಯಾಸ ವಾರಕ್ಕೆ 20 ಗಂಟೆಯಿಂದ 32ಕ್ಕೆ ಏರಿತು.

ಹತ್ತನೇ ಲೆವೆಲ್ ಮುಗಿಸಿದ ಬಹುತೇಕರ ಕನಸು ಎಲೀಟ್ ಅಲ್ಲ, ಕಾಲೇಜು ತಂಡ ಮತ್ತು ಅದರ ಸ್ಕಾಲರ್‌ಷಿಪ್. ಅಲ್ಲಿ ಹಳೆಯ 10 ಅಂಕದ ಪದ್ಧತಿ ಇನ್ನೂ ಉಳಿದಿದೆ. 2013ರ ಅಮೆರಿಕನ್ ಕಪ್‌ನಲ್ಲಿ ಬೈಲ್ಸ್‌ಳನ್ನೇ ಸೋಲಿಸಿದ್ದ ಕೇಟ್ಲಿನ್ ಒಹಾಶಿ ಎಲೀಟ್ ಬಿಟ್ಟು ಲಾಸ್ ಏಂಜಲಿಸ್‌ನ ಯುಸಿಎಲ್ಎ ತಂಡ ಸೇರಿದಳು. 2019ರಲ್ಲಿ ಅವಳು ನಗುತ್ತಾ ಕುಣಿಯುತ್ತಾ ಹತ್ತಕ್ಕೆ ಹತ್ತು ಪಡೆದ ಫ್ಲೋರ್ ಪ್ರದರ್ಶನ ನಮ್ಮ ಫೋನುಗಳಿಗೂ ಬಂದಿತ್ತು.

ಈ ಏಣಿಯ ಕರಾಳ ಮುಖ ಲೋಕಕ್ಕೆ ಗೊತ್ತಾದದ್ದು ಲ್ಯಾರಿ ನಾಸರ್ ಪ್ರಕರಣದಲ್ಲಿ. ರಾಷ್ಟ್ರೀಯ ತಂಡದ ವೈದ್ಯನಾಗಿದ್ದ ಅವನ ವಿರುದ್ಧ 2018ರಲ್ಲಿ ಮಿಷಿಗನ್ ನ್ಯಾಯಾಲಯದಲ್ಲಿ 150ಕ್ಕೂ ಹೆಚ್ಚು ಹೆಣ್ಣುಮಕ್ಕಳು ತಮ್ಮ ಮೇಲಾದ ಲೈಂಗಿಕ ದೌರ್ಜನ್ಯದ ಬಗ್ಗೆ ಮಾತಾಡಿದರು. ತಂದೆತಾಯಿಗೆ ಪ್ರವೇಶವಿಲ್ಲದಿದ್ದ ಟೆಕ್ಸಸ್‌ನ ರಾಷ್ಟ್ರೀಯ ಶಿಬಿರ ಆ ವರ್ಷವೇ ಮುಚ್ಚಿತು. ಸಂಶಯ ಬಂದರೆ ತಡಮಾಡದೆ ದೂರು ಕೊಡುವುದು ಕೋಚ್‌ಗಳಿಗೆ ಕಾನೂನಿನಂತೆ ಕಡ್ಡಾಯವಾಯಿತು. ಅಜ್ಜಿ ಕೂತಿರುವ ಆ ಗಾಜಿನ ಗೋಡೆ ಇಂದು ಬರೀ ಸೌಕರ್ಯವಲ್ಲ. ಪೋಷಕರು ಒಳಗೆ ನೋಡುವಂತಿಲ್ಲ ಎನ್ನುವ ಕ್ಲಬ್ಬನ್ನು ದೂರವಿಡುವುದೇ ಸರಿ.

ನಮ್ಮ ಭಾರತದಲ್ಲಿ ಹತ್ತು ಮೆಟ್ಟಿಲಿನ ಏಣಿ ಇಲ್ಲ. ಸಬ್-ಜೂನಿಯರ್, ಜೂನಿಯರ್, ಸೀನಿಯರ್ ಎಂಬ ವಯಸ್ಸಿನ ವಿಭಾಗಗಳಿವೆ. ಮೋಜಿನ ಕ್ಲಾಸಿಗೂ ರಾಜ್ಯ ತಂಡಕ್ಕೂ ನಡುವೆ ಇರಬೇಕಾದ ಸಣ್ಣ ಸಣ್ಣ ಸ್ಪರ್ಧೆಗಳು ವಿರಳ. ಅಗರ್ತಲಾದ ದೀಪಾ ಕರ್ಮಾಕರ್ ಆ ನಡುವನ್ನು ದಾಟಿದ್ದು ಗುರುಗಳ ಬಲದಿಂದ. ಆರನೇ ವಯಸ್ಸಿಗೆ ಸೋಮಾ ನಂದಿಯವರ ಬಳಿ, ಆಮೇಲೆ ಬಿಶ್ವೇಶ್ವರ್ ನಂದಿಯವರ ಬಳಿ ಕಲಿತ ದೀಪಾಗೆ ಇದ್ದದ್ದು ಚಪ್ಪಟೆ ಪಾದ. ಓಡಿ ಬಂದು ಜಿಗಿಯುವ ಆಟಕ್ಕೆ ಅದು ದೊಡ್ಡ ತೊಡಕು. ಆರಿಸುವಾಗ ಪಾದ ನೋಡುವ ಕೋಚ್ ಆಗಿದ್ದರೆ ಕೈಬಿಡುತ್ತಿದ್ದರೇನೋ. ವ್ಯಾಯಾಮ ಮಾಡಿಸಿ ಮಾಡಿಸಿ ಆ ಪಾದವನ್ನು ಪಳಗಿಸಿದರು. ಸಲಕರಣೆ ಇಲ್ಲದಾಗ ಮ್ಯಾಟುಗಳನ್ನು ಪೇರಿಸಿ ವಾಲ್ಟ್ ಮಾಡಿಕೊಂಡರು. 2016ರ ರಿಯೊ ವಾಲ್ಟ್ ಫೈನಲ್‌ನಲ್ಲಿ 15.066 ಅಂಕ, ನಾಲ್ಕನೇ ಸ್ಥಾನ. ಕಂಚು ತಪ್ಪಿದ್ದು 0.150ರಲ್ಲಿ. 2024ರಲ್ಲಿ ತಾಷ್ಕೆಂಟಿನ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ ವಾಲ್ಟ್ ಚಿನ್ನ ಗೆದ್ದು, ಅದೇ ವರ್ಷ ನಿವೃತ್ತರಾದರು.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲೂ ಈಗ ಮಕ್ಕಳ ಜಿಮ್ನಾಸ್ಟಿಕ್ಸ್ ಕ್ಲಾಸುಗಳ ಬೋರ್ಡು ಕಾಣುತ್ತದೆ. ಮಗುವಿಗೆ ಮೈ ಬಳುಕಬೇಕು, ಭಯ ಬಿಡಬೇಕು ಎಂದಷ್ಟೇ ಇದ್ದರೆ ನಾಲ್ಕು ಮ್ಯಾಟು, ಒಂದು ನೆಲಮಟ್ಟದ ಬೀಮ್ ಸಾಕು. ಸ್ಪರ್ಧೆಯ ಮಾತು ಬಂದರೆ ಫೀಸು ಕಟ್ಟುವ ಮೊದಲು ಹಾಲ್‌ನೊಳಗೆ ಒಂದು ಸುತ್ತು ಹಾಕಬೇಕು: ಪೂರ್ತಿ ಎತ್ತರದ ಬೀಮ್ ಇದೆಯೇ, ಎರಡೂ ಬಾರ್‌ಗಳಿವೆಯೇ, ವಾಲ್ಟ್‌ಗೆ ಓಡಿಬರಲು ಜಾಗವಿದೆಯೇ, ಇಲ್ಲಿನ ಮಕ್ಕಳು ಕಳೆದ ವರ್ಷ ರಾಜ್ಯ ಸಂಸ್ಥೆಯ ಯಾವ ಕೂಟಕ್ಕೆ ಹೋಗಿದ್ದರು.